ಮೊದಲು ಮನುಷ್ಯ, ಆಮೇಲೆ ದಾಖಲೆ

ಪರಸ್ಥಳಕ್ಕೆ ಬಂದು ನೆಲೆಸಿದ ನಮ್ಮಂಥವರಿಗೆ 'ಪೋಲೀಸ್ ವೆರಿಫಿಕೇಶನ್' ಎಂಬ ಮಾತು ಹೊಸದಲ್ಲ. ಸರ್ಕಾರಿ ನೌಕರಿ ಸಿಕ್ಕಾಗ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ, ಬಾಡಿಗೆಗೆ ಮನೆ ಹಿಡಿದಾಗ ಒಂದಲ್ಲ ಒಂದು ಸಲ ಅದನ್ನು ದಾಟಿ ಬಂದವರೇ ನಾವೆಲ್ಲ. ಈ ವಿಚಾರಣೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಈತ ಯಾರು ಎಂಬುದು ಮೊದಲನೆಯದು. ಈತನ ಮೇಲೆ ಹಿಂದೆ ಅಪರಾಧದ ದಾಖಲೆ ಏನಾದರೂ ಇದೆಯೇ ಎಂಬುದು ಎರಡನೆಯದು. ಸಾಮಾನ್ಯವಾಗಿ ನಮ್ಮ ಗಮನವೆಲ್ಲ ಎರಡನೆಯದರ ಮೇಲೆಯೇ. ಆದರೆ ಮೊದಲನೆಯದು ಖಚಿತವಾಗದೆ ಎರಡನೆಯದಕ್ಕೆ ಸಿಕ್ಕ ಉತ್ತರಕ್ಕೆ ಕಾಸಿನ ಬೆಲೆಯಿಲ್ಲ. ಮೇಲಾಗಿ ಅದು ನಿರಪರಾಧಿಯೊಬ್ಬನ ಬಾಳನ್ನೇ ಹಾಳುಮಾಡಬಲ್ಲದು. ಈ ಪಾಠ ಕಲಿಯಲು ಸರ್ಕಾರಗಳಿಗೆ ಬಹಳ ಕಾಲ ಹಿಡಿಯಿತು. ಅದರ ಮುಖ್ಯ ಅಧ್ಯಾಯವೊಂದು ನಡೆದದ್ದು ನಮ್ಮ ದೇಶದಲ್ಲಿಯೇ.

ಮೊದಲು ಲಂಡನ್ನಿನ ಒಂದು ಮೊಕದ್ದಮೆಯನ್ನು ನೋಡೋಣ. 1877ರಲ್ಲಿ ಅಲ್ಲಿ 'ಜಾನ್ ಸ್ಮಿತ್' ಎಂಬ ಹೆಸರಿನ ವಂಚಕನೊಬ್ಬನಿಗೆ ಐದು ವರ್ಷಗಳ ಸಜೆಯಾಯಿತು. ತಾನು ದೊಡ್ಡ ಸಿರಿವಂತನೆಂದು ಹೆಂಗಸರನ್ನು ನಂಬಿಸಿ, ಅವರ ಒಡವೆಗಳನ್ನು ಲಪಟಾಯಿಸುವುದು ಅವನ ಕಸುಬು. 1895ರ ಡಿಸೆಂಬರಿನಲ್ಲಿ ಇದೇ ಬಗೆಯ ಮೋಸಕ್ಕೆ ಸಿಕ್ಕಿದ್ದ ಹೆಂಗಸೊಬ್ಬಳು ಬೀದಿಯಲ್ಲಿ ಅಡಾಲ್ಫ್ ಬೆಕ್ ಎಂಬ ನಾರ್ವೆ ದೇಶದವನನ್ನು ಕಂಡು ಇವನೇ ಅವನು ಎಂದಳು. ಮೋಸಹೋದ ಇತರ ಹೆಂಗಸರೂ ಅದಕ್ಕೆ ದನಿಗೂಡಿಸಿದರು. 1877ರ ಪ್ರಕರಣದ ಒಬ್ಬ ಪೋಲೀಸನು ಬಂದು, ಈ ಬೆಕ್ಕನೇ ಹಿಂದಿನ ಸ್ಮಿತ್ ಎಂದು ಪ್ರಮಾಣಮಾಡಿ ಹೇಳಿದ. 1877ರಲ್ಲಿ ತಾನು ದಕ್ಷಿಣ ಅಮೆರಿಕದಲ್ಲಿದ್ದೆನೆಂದು ಬೆಕ್ ಎಷ್ಟು ಗೋಗರೆದರೂ ಕೇಳುವವರಿರಲಿಲ್ಲ. 1896ರಲ್ಲಿ ಅವನಿಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಅವನಿಗೆ ಕೊಟ್ಟದ್ದು ಹಳೆಯ ಸ್ಮಿತ್‌ನ ಕೈದಿ ಸಂಖ್ಯೆಯನ್ನೇ! ಒಬ್ಬನ ದಾಖಲೆಯನ್ನು ಇನ್ನೊಬ್ಬನ ಬೆನ್ನಿಗೆ ಹೊರಿಸಿದ್ದಾಯಿತು.

1898ರಲ್ಲಿ ಹಳೆಯ ಕಡತ ಬಿಚ್ಚಿ ನೋಡಿದಾಗ ಸತ್ಯ ಹೊರಬಿತ್ತು. ಸ್ಮಿತ್ ಯಹೂದಿ, ಸುನ್ನತಿಯಾದವನು, ಬೆಕ್ ಹಾಗಲ್ಲ. ಇಬ್ಬರೂ ಒಬ್ಬನೇ ಆಗಿರಲು ಸಾಧ್ಯವೇ ಇರಲಿಲ್ಲ. ಆಗ ಅಧಿಕಾರಿಗಳು ಮಾಡಿದ್ದೇನು? ಬೆಕ್ಕನ ಸಂಖ್ಯೆಯನ್ನು ಬದಲಿಸಿದರು, ಬೆಕ್ಕನನ್ನು ಬಿಡಲಿಲ್ಲ. ಅವನು ಹೊರಬಂದದ್ದು 1901ರಲ್ಲಿ. 1904ರಲ್ಲಿ ಅಂಥದೇ ಆರೋಪದ ಮೇಲೆ ಅವನನ್ನು ಮತ್ತೆ ಹಿಡಿದರು, ಮತ್ತೆ ತಪ್ಪಿತಸ್ಥನೆಂದು ತೀರ್ಮಾನವಾಯಿತು. ದೈವವಶಾತ್ ನ್ಯಾಯಾಧೀಶರು ಶಿಕ್ಷೆ ವಿಧಿಸುವುದನ್ನು ಮುಂದಕ್ಕೆ ಹಾಕಿದ್ದರು. ಅಷ್ಟರಲ್ಲಿ, ಕದ್ದ ಉಂಗುರಗಳನ್ನು ಗಿರವಿ ಇಡಲು ಹೋಗಿ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್ಕನಿಗೆ ಕ್ಷಮಾದಾನವೂ 5,000 ಪೌಂಡ್ ಪರಿಹಾರವೂ ದೊರೆತವು. ಮಾಡದ ತಪ್ಪಿಗೆ 'ಕ್ಷಮೆ' ಎಂಬುದು ಕಾನೂನಿನ ವಿಚಿತ್ರಗಳಲ್ಲಿ ಒಂದು. ಈ ಪ್ರಕರಣ ಎಬ್ಬಿಸಿದ ಕೋಲಾಹಲವು 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ನ್ಯಾಯಾಲಯ ಸ್ಥಾಪನೆಯಾಗಲು ಒಂದು ಕಾರಣವಾಯಿತು.

ಈ ಅನ್ಯಾಯಕ್ಕೆ ಹೆಂಗಸರನ್ನಾಗಲಿ ಪೋಲೀಸನನ್ನಾಗಲಿ ಸುಳ್ಳರೆಂದು ದೂರುವ ಅಗತ್ಯವಿಲ್ಲ. ಮುಖ ನೋಡಿ ಗುರುತಿಸುವುದೇ ನೆಚ್ಚಲಾಗದ ವಿಧಾನ. ಹೆಸರಂತೂ ಬಟ್ಟೆ ಬದಲಿಸಿದಂತೆ ಬದಲಿಸಬಹುದಾದದ್ದು. ಹಾಗಾದರೆ ಹಳೆಯ ಅಪರಾಧಿಯನ್ನು ಗುರುತಿಸುವುದು ಹೇಗೆ? ಹಿಂದಿನವರು ಕಂಡುಕೊಂಡ ಉಪಾಯ ಕ್ರೂರವಾದದ್ದು. ಫ್ರಾನ್ಸಿನಲ್ಲಿ ಅಪರಾಧಿಗಳ ಮೈಮೇಲೆ ಕಾಸಿದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಅದು ನಿಂತದ್ದು 1832ರಲ್ಲಿ. ಬಂಗಾಳ ಮೊದಲಾದ ಕಡೆ ಕೈದಿಗಳ ಹಣೆಯ ಮೇಲೆ ಹಚ್ಚೆ ಚುಚ್ಚುತ್ತಿದ್ದರು. ಈ 'ಗೋದನಾ' ಪದ್ಧತಿ 1849ರಲ್ಲಿ ರದ್ದಾಯಿತು. ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು, ಆದರೆ ಗುರುತಿನ ಸಮಸ್ಯೆ ಹಾಗೆಯೇ ಉಳಿಯಿತು.

ಅದಕ್ಕೆ ಶಾಸ್ತ್ರೀಯ ಪರಿಹಾರವೊಂದನ್ನು ಮೊದಲು ಸೂಚಿಸಿದವನು ಪ್ಯಾರಿಸ್ಸಿನ ಪೋಲೀಸ್ ಕಚೇರಿಯ ಗುಮಾಸ್ತ ಅಲ್ಫೋನ್ಸ್ ಬರ್ಟಿಲಾನ್. ಬೆಳೆದ ಮನುಷ್ಯನ ಮೂಳೆಗಳ ಅಳತೆ ಬದಲಾಗುವುದಿಲ್ಲ; ತಲೆ, ಮೊಳಕೈ, ಪಾದ ಮುಂತಾದ ಹನ್ನೊಂದು ಅಳತೆಗಳನ್ನು ತೆಗೆದಿಟ್ಟರೆ ಹೆಸರು ಬದಲಿಸಿಕೊಂಡು ಬಂದವನನ್ನೂ ಹಿಡಿಯಬಹುದು ಎಂಬುದು ಅವನ ವಾದ. 1880ರ ದಶಕದಲ್ಲಿ ಇದು ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂತು, ಮುಂದೆ ಬಂಗಾಳಕ್ಕೂ ಬಂತು. ಆದರೆ ಅದರಲ್ಲೊಂದು ಕುಂದಿತ್ತು. ಒಬ್ಬನನ್ನೇ ಇಬ್ಬರು ಅಳೆದರೆ ಎರಡು ಲೆಕ್ಕ ಬರುತ್ತಿತ್ತು.

ಇಷ್ಟರಲ್ಲಿ ಬಂಗಾಳದಲ್ಲಿಯೇ ಇನ್ನೊಂದು ದಾರಿ ತೆರೆದಿತ್ತು. 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಐ.ಸಿ.ಎಸ್. ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ಕರಾರಿನ ಮೇಲೆ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡ. ಮುಂದೆ ಈ ರುಜು ತನ್ನದಲ್ಲ ಎಂದು ಅವನು ಜಾರಿಕೊಳ್ಳಬಾರದು ಎಂಬುದಷ್ಟೇ ಉದ್ದೇಶ. ವರ್ಷಗಟ್ಟಲೆ ಅಚ್ಚುಗಳನ್ನು ಕೂಡಿಸಿ ಹೋಲಿಸಿದ ಮೇಲೆ ಬೆರಳಿನ ಗೆರೆಗಳು ವಯಸ್ಸಾದರೂ ಬದಲಾಗುವುದಿಲ್ಲ ಎಂಬುದು ಅವನಿಗೆ ಮನದಟ್ಟಾಯಿತು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಅವನು ಇದನ್ನು ಪಿಂಚಣಿದಾರರಿಗೆ, ದಸ್ತಾವೇಜುಗಳ ರಿಜಿಸ್ಟ್ರಿಗೆ, ಸೆರೆಮನೆಗೆ ಅನ್ವಯಿಸಿದ. ಸತ್ತವರ ಪಿಂಚಣಿಯನ್ನು ಬೇರೆಯವರು ಪಡೆಯುವುದು, ಒಬ್ಬನ ಸಜೆಯನ್ನು ಹಣ ತೆಗೆದುಕೊಂಡು ಇನ್ನೊಬ್ಬ ಅನುಭವಿಸುವುದು, ಇವೆರಡನ್ನೂ ತಡೆಯಬೇಕಾಗಿತ್ತು. ವಿಚಿತ್ರವೆಂದರೆ, ಅದೇ ವರ್ಷವೇ ಲಂಡನ್ನಿನಲ್ಲಿ ಸ್ಮಿತ್ ಸೆರೆಮನೆ ಸೇರಿದ್ದ. ಅಂದು ಅವನ ಹತ್ತು ಬೆರಳುಗಳ ಅಚ್ಚನ್ನು ಅಲ್ಲಿ ತೆಗೆದಿಟ್ಟಿದ್ದರೆ ಬೆಕ್ಕನಿಗೆ ಹಳೆಯ ಅಪರಾಧಿಯ ಪಟ್ಟ ಕಟ್ಟಲು ಸಾಧ್ಯವೇ ಆಗುತ್ತಿರಲಿಲ್ಲ. ನಮ್ಮ ನಿವೃತ್ತ ಹಿರಿಯರು 2014ರಿಂದ 'ಜೀವನ್ ಪ್ರಮಾಣ್' ಯಂತ್ರದ ಮೇಲೆ ಬೆರಳಿಟ್ಟು ತಾವು ಬದುಕಿರುವುದನ್ನು ಸರ್ಕಾರಕ್ಕೆ ತಿಳಿಸುತ್ತಾರಲ್ಲ, ಅದರ ಮೂಲವೂ ಹೂಗ್ಲಿಯ ಆ ಕಚೇರಿಯಲ್ಲಿದೆ.

ಆದರೆ ಅಚ್ಚುಗಳನ್ನು ಸಂಗ್ರಹಿಸುವುದು ಸುಲಭ, ಸಾವಿರಾರು ಕಾಗದಗಳಲ್ಲಿ ಬೇಕಾದ ಒಂದನ್ನು ಹುಡುಕುವುದು ಕಷ್ಟ. ಈ ತೊಡಕನ್ನು ಬಿಡಿಸಿದ್ದು ಕಲ್ಕತ್ತ. ಬಂಗಾಳದ ಪೋಲೀಸ್ ಮುಖ್ಯಾಧಿಕಾರಿ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರರಿದ್ದರು. ಹಕ್ ಗಣಿತದ ವಿದ್ಯಾರ್ಥಿ. ವಿಜ್ಞಾನ ಓದಿದವರಿಗೆ ಅವರ ಲೆಕ್ಕ ಮುದನೀಡುವಂಥದು. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಅವಕ್ಕೆ ಕ್ರಮವಾಗಿ 16, 8, 4, 2, 1 ಎಂದು ಬೆಲೆ ಕಟ್ಟಬೇಕು. ಬೆರಳಿನಲ್ಲಿ ಸುಳಿಯಿದ್ದರೆ ಆ ಬೆಲೆ, ಇಲ್ಲದಿದ್ದರೆ ಸೊನ್ನೆ. ಜೋಡಿಯ ಒಂದು ಬೆರಳಿನ ಮೊತ್ತ ಮೇಲೆ, ಇನ್ನೊಂದರದು ಕೆಳಗೆ. ಎರಡಕ್ಕೂ ಒಂದೊಂದು ಕೂಡಿಸಿ ಭಿನ್ನರಾಶಿಯಂತೆ ಬರೆಯಬೇಕು. ಹೀಗೆ 32ರಿಂದ 32ನ್ನು ಗುಣಿಸಿದಂತೆ 1,024 ಗೂಡುಗಳಾಗುತ್ತವೆ. ಯಾವ ಕಾಗದ ಯಾವ ಗೂಡಿನಲ್ಲಿದೆ ಎಂಬುದು ಕೂಡಲೆ ತಿಳಿಯುತ್ತದೆ. ಭಾರತ ಸರ್ಕಾರ 1897ರಲ್ಲಿ ಒಪ್ಪಿಗೆ ಕೊಟ್ಟು, ಅದೇ ವರ್ಷ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಸ್ಕಾಟ್‌ಲೆಂಡ್ ಯಾರ್ಡಿನಲ್ಲಿ ಅಂಥ ಕಚೇರಿ ಬಂದದ್ದು 1901ರಲ್ಲಿ. ಲೋಕವೆಲ್ಲ ಇದನ್ನು 'ಹೆನ್ರಿ ಪದ್ಧತಿ' ಎಂದು ಕರೆಯಿತು. ಲೆಕ್ಕ ಹಾಕಿದ ಇಬ್ಬರು ಅಧೀನ ನೌಕರರ ಹೆಸರು ಬಹುಕಾಲ ಹಿಂದೆಯೇ ಉಳಿಯಿತು. ಕಚೇರಿಗಳಲ್ಲಿ ದುಡಿದವರಿಗೆ ಇದೇನೂ ಅಚ್ಚರಿಯ ಸಂಗತಿಯಲ್ಲ.

ಪದ್ಧತಿಯ ಮೊದಲ ಪರೀಕ್ಷೆ ಬೇಗನೆ ಬಂತು. 1897ರಲ್ಲಿ ಜಲ್ಪಾಯ್‌ಗುರಿ ಜಿಲ್ಲೆಯ ಚಹಾ ತೋಟದ ಮ್ಯಾನೇಜರನ ಕೊಲೆಯಾಯಿತು. ಅವನ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ರಕ್ತದ ಹೆಬ್ಬೆಟ್ಟಿನ ಗುರುತಿತ್ತು. ಹಿಂದೆ ಕಳ್ಳತನಕ್ಕಾಗಿ ಸಜೆ ಅನುಭವಿಸಿದ್ದ, ಅದೇ ಮ್ಯಾನೇಜರನ ಮಾಜಿ ಸೇವಕನೊಬ್ಬನ ಅಚ್ಚಿಗೆ ಅದು ಹೊಂದಿಕೊಂಡಿತು. ನ್ಯಾಯಾಲಯ ಅವನನ್ನು ಕಳ್ಳತನಕ್ಕೆ ಶಿಕ್ಷಿಸಿ, ಕೊಲೆಯ ಆರೋಪದಿಂದ ಬಿಟ್ಟಿತು. ಆ ಪಂಚಾಂಗವನ್ನು ಮುಟ್ಟಿದವನು ಯಾರೆಂದು ಅಚ್ಚು ಹೇಳಬಲ್ಲುದೇ ಹೊರತು ಕೊಂದವನು ಯಾರೆಂದಲ್ಲ ಎಂಬ ವಿವೇಕ ಅಂದಿನ ನ್ಯಾಯಾಲಯಕ್ಕಿತ್ತು.

ಈ ವಿವೇಕ ಇಂದಿಗೂ ಬೇಕು. 2004ರಲ್ಲಿ ಮ್ಯಾಡ್ರಿಡ್ ರೈಲುಗಳಲ್ಲಿ ನಡೆದ ಬಾಂಬ್ ಸ್ಫೋಟದ ಬಳಿಕ, ಅಮೆರಿಕದ ಎಫ್.ಬಿ.ಐ. ತನ್ನ ಗಣಕಯಂತ್ರ ಸೂಚಿಸಿದ ಹೋಲಿಕೆಯನ್ನು ನಂಬಿ ಒರೆಗಾನ್ ರಾಜ್ಯದ ವಕೀಲರೊಬ್ಬರನ್ನು ಬಂಧಿಸಿತು. ಅಚ್ಚು ಬೇರೊಬ್ಬನದೆಂದು ಸ್ಪೇನಿನ ಪೋಲೀಸರು ತೋರಿಸಿಕೊಟ್ಟ ಮೇಲೆ ಅವರ ಬಿಡುಗಡೆಯಾಯಿತು, ಸರ್ಕಾರ ಕ್ಷಮೆಯನ್ನೂ ಕೇಳಿತು. ಬೆರಳು ಸುಳ್ಳಾಡದಿದ್ದರೂ ಅದನ್ನು ಓದುವವನು ತಪ್ಪು ಓದಬಹುದು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ನಾವು ಎದುರಿಸುವ ವಿಚಾರಣೆಗಳು ಬಹುಪಾಲು ನಡೆಯುವುದು ಬೆರಳಿನ ಮೇಲಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ ಇವುಗಳ ಮೇಲೆ. ಇಲ್ಲಿ ಕನ್ನಡಿಗರಿಗೆ ಒಂದು ವಿಶೇಷ ತೊಂದರೆಯಿದೆ. ಹಳೆಯ ಮೈಸೂರಿನ ಕಡೆಯವರಿಗೆ ಅಡ್ಡಹೆಸರಿಲ್ಲ. ಊರಿನ ಹೆಸರಿಗೆ ಒಂದಕ್ಷರ, ತಂದೆಯ ಹೆಸರಿಗೆ ಒಂದಕ್ಷರ, ಕೊನೆಗೆ ತನ್ನ ಹೆಸರು. ಮುಂಬಯಿ, ಪುಣೆಯ ಫಾರಂ ಅಡ್ಡಹೆಸರು ಕೇಳಿದಾಗ ಒಬ್ಬ ಊರನ್ನು ಬರೆಯುತ್ತಾನೆ, ಇನ್ನೊಬ್ಬ ತಂದೆಯನ್ನು. ಹೀಗೆ ಒಬ್ಬನೇ ಮನುಷ್ಯ ಮೂರು ಕಡತಗಳಲ್ಲಿ ಮೂವರಾಗುತ್ತಾನೆ. ಅಡ್ಡಹೆಸರಿರುವ ಧಾರವಾಡದ ಕಡೆಯವರಿಗೆ ತದ್ವಿರುದ್ಧ ಕಷ್ಟ: ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ನಾಲ್ವರಿದ್ದರೆ ಒಬ್ಬನ ಮೇಲಿನ ಮೊಕದ್ದಮೆ ಇನ್ನೊಬ್ಬನ ಬಾಗಿಲು ತಟ್ಟಬಹುದು.

ಕೇಂದ್ರ ಸರ್ಕಾರದ ನೌಕರಿಗೆ ಸೇರುವಾಗ ತುಂಬುವ ದೃಢೀಕರಣ ಪತ್ರವು ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸಿಸಿದ ಸ್ಥಳಗಳನ್ನೆಲ್ಲ ಕೇಳುತ್ತದೆ. ಅಭ್ಯರ್ಥಿಯನ್ನು ಬಲ್ಲ ಅಧಿಕಾರಿಯ ಗುರುತು ಪ್ರಮಾಣವನ್ನೂ ಕೇಳುತ್ತದೆ. ತುಂಬುವವರಿಗೆ ಇದು ತಲೆನೋವೆನಿಸುತ್ತದೆ. ಆದರೆ ಬೆಕ್ಕನ ಕತೆ ಬಲ್ಲವರಿಗೆ ಅದರ ಅರ್ಥ ತಿಳಿದೀತು. ಅಷ್ಟು ವಿವರ ಕೇಳುವುದು ನಮ್ಮನ್ನು ಕಾಡಿಸಲಿಕ್ಕಲ್ಲ. ಬೇರೆಯವರ ಪಾಪ ನಮಗೆ ಅಂಟದಿರಲಿಕ್ಕೆ.

ನಾವೇ ಬಾಡಿಗೆದಾರನ, ಮನೆಕೆಲಸದವರ ವಿಚಾರಣೆಗಾಗಿ ಪೋಲೀಸ್ ಠಾಣೆಗೆ ಅರ್ಜಿ ಕೊಡುವಾಗಲೂ ಇದೇ ಕ್ರಮ ಸಲ್ಲಬೇಕು. ಅವರಿಗೆ ತಿಳಿಸಿಯೇ ಕೇಳಬೇಕು. ಮೂಲ ಗುರುತಿನ ಚೀಟಿಯನ್ನು ಎದುರಿಗಿಟ್ಟುಕೊಂಡು ಭಾವಚಿತ್ರವನ್ನು ಮುಖದೊಡನೆ ಹೋಲಿಸಬೇಕು. ಹೆಸರನ್ನು ಬಿಡಿಸಿ ಪೂರ್ತಿಯಾಗಿ, ತಂದೆಯ ಹೆಸರು, ಊರು, ತಾಲ್ಲೂಕು ಸಹಿತ ಬರೆಯಬೇಕು. ದಾಖಲೆ ಇದೆ ಎಂಬ ಉತ್ತರ ಬಂದರೆ, ಬಾಗಿಲು ಮುಚ್ಚುವ ಮೊದಲು ಈ ದಾಖಲೆ ನಿಜವಾಗಿ ಇವನದೇ ಎಂದು ಇನ್ನೊಮ್ಮೆ ಕೇಳಬೇಕು, ಅವನಿಗೂ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಬೆಕ್ಕನ ಕಾಲದಲ್ಲಿ ಯಾರಾದರೂ ಒಬ್ಬರು ಅಷ್ಟು ತಾಳ್ಮೆ ತೋರಿದ್ದರೆ ಅವನ ಐದು ವರ್ಷಗಳ ಸೆರೆವಾಸ ತಪ್ಪುತ್ತಿತ್ತು.