ಕಾಲ್ಚೆಂಡಾಟವೂ ನಮ್ಮ ವಿದ್ಯಾರ್ಥಿಗಳೂ

ವಿದ್ಯೆಯು ಬುದ್ಧಿಯನ್ನು ಬೆಳಗಿದರೆ ಸಾಲದು, ಆ ಬುದ್ಧಿಯನ್ನು ಹೊತ್ತು ನಡೆಯುವ ದೇಹವೂ ದೃಢವಾಗಿರಬೇಕೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಊರೂರಿನ ಗರಡಿಮನೆಗಳೇ ಇದಕ್ಕೆ ಸಾಕ್ಷಿ. ಆದರೆ ಗರಡಿಯಲ್ಲಿ ಒಬ್ಬನ ಬಲವು ಒಬ್ಬನಿಗೆ. ಹನ್ನೊಂದು ಮಂದಿ ಒಂದೇ ಮನಸ್ಸಿನಿಂದ ಆಡಬೇಕಾದ ಕಾಲ್ಚೆಂಡಾಟವು ಆಂಗ್ಲರ ದಂಡಿನೊಡನೆಯೂ ಶಾಲಾ ಕಾಲೇಜುಗಳೊಡನೆಯೂ ನಮ್ಮಲ್ಲಿಗೆ ಬಂದ ಹೊಸ ಆಟ. ಪರರದಾಗಿದ್ದ ಈ ಆಟವನ್ನು ನಮ್ಮವರು ತಮ್ಮದಾಗಿ ಮಾಡಿಕೊಂಡ ಬಗೆಯು ವಿದ್ಯಾರ್ಥಿಗಳೆಲ್ಲರೂ ಮನನಮಾಡತಕ್ಕ ವಿಷಯವಾಗಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಗಳು ಆ ಕಾಲದಲ್ಲಿ ಬೆಂಗಳೂರು ಜಿಲ್ಲೆಗೆ ಸೇರಿದ್ದುವು. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆಯೆಂದು ಹೆಸರು. ಉನ್ನತ ವಿದ್ಯೆಯನ್ನು ಬಯಸಿದ ಇಲ್ಲಿನ ಬಾಲಕರು ಬೆಂಗಳೂರಿಗೆ ಹೋಗಬೇಕಾಗಿದ್ದಿತು. ರಾಮನಗರ ಚನ್ನಪಟ್ಟಣಗಳವರಿಗೆ 1882ರಲ್ಲಿ ಮೈಸೂರಿನವರೆಗೆ ಪೂರ್ಣಗೊಂಡ ರೈಲುಮಾರ್ಗವಿದ್ದಿತು. ಮಾಗಡಿ ಕನಕಪುರಗಳವರಿಗೆ ಆ ಅನುಕೂಲವಿರಲಿಲ್ಲ. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿಯಲ್ಲಿಯೇ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಧರ್ಮಛತ್ರವಿದ್ದು, ಅವರ ದಾನದಿಂದ ವೀರಶೈವ ವಿದ್ಯಾರ್ಥಿಗಳಿಗೆ ಆಶ್ರಯವು ದೊರೆಯುತ್ತಿದ್ದಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 1927ರಲ್ಲಿ ಸೆಂಟ್ರಲ್ ಕಾಲೇಜನ್ನು ಸೇರಿ, ಮುಂದೆ ಸಿದ್ಧಗಂಗಾ ಕ್ಷೇತ್ರದ ಅಧಿಪತಿಗಳಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳೂ ಹೀಗೆ ಊರು ಬಿಟ್ಟು ವಿದ್ಯೆಯನ್ನರಸಿ ಹೋದವರೇ. ಊರಿನಿಂದ ಹೋದ ತರುಣರಿಗೆ ಬೆಂಗಳೂರು ಪುಸ್ತಕಗಳನ್ನು ಮಾತ್ರವಲ್ಲದೆ ಆಟದ ಬಯಲನ್ನೂ ತೋರಿಸಿತು.

ಭಾರತದಲ್ಲಿ ಈ ಆಟದ ಬೀಜವನ್ನು ಬಿತ್ತಿದವರಲ್ಲಿ ವಿದ್ಯಾರ್ಥಿಗಳೇ ಮೊದಲಿಗರೆಂಬುದು ಸ್ಮರಣೀಯವಾಗಿದೆ. 1877ರಲ್ಲಿ ಕಲ್ಕತ್ತೆಯ ಹೇರ್ ಶಾಲೆಯ ಬಾಲಕ ನಾಗೇಂದ್ರಪ್ರಸಾದ ಸರ್ವಾಧಿಕಾರಿಯವರು ಜೊತೆಗಾರರನ್ನು ಕೂಡಿಸಿಕೊಂಡು ಚೆಂಡನ್ನೊದೆಯತೊಡಗಿದರು. ಬಳಿಕ ಪ್ರೆಸಿಡೆನ್ಸಿ ಕಾಲೇಜಿನ ತರುಣರೂ ಅದನ್ನು ಕೈಗೊಂಡರು. 1911ನೆಯ ಜುಲೈ 29ರಂದು ಮೋಹನ್ ಬಗಾನ್ ತಂಡದವರು ಈಸ್ಟ್ ಯಾರ್ಕ್‌ಷೈರ್ ದಳದ ಸೈನಿಕರನ್ನು ಎರಡಕ್ಕೆ ಒಂದು ಗೋಲಿನಿಂದ ಸೋಲಿಸಿ ಐ. ಎಫ್. ಎ. ಷೀಲ್ಡನ್ನು ಗೆದ್ದಾಗ, ಅವರಲ್ಲಿ ಬೂಟು ತೊಟ್ಟಿದ್ದವರು ಕಾಲೇಜು ಅಧ್ಯಾಪಕರಾದ ಸುಧೀರ ಚಟರ್ಜಿಯವರೊಬ್ಬರೇ. ಉಳಿದ ಹತ್ತು ಮಂದಿಯೂ ಬರಿಗಾಲಿನವರು.

ಬೆಂಗಳೂರಿನಲ್ಲಿ ದಂಡಿನ ಪ್ರದೇಶವೇ ಈ ಆಟದ ತವರು. ಸೈನಿಕರ ಆಟವನ್ನು ನೋಡಿ ಕಲಿತ ಸುತ್ತಣ ಮಕ್ಕಳು ಕಾಲಕ್ರಮದಲ್ಲಿ ಅವರಿಗೇ ಎದುರಾಳಿಗಳಾದರು. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅನಂತರ, 1946–47ರ ಋತುವಿನಲ್ಲಿ, ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿಯ ಪಂದ್ಯಗಳು ಬೆಂಗಳೂರಿನಲ್ಲಿಯೇ ನಡೆದು, ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ಆ ಪಾರಿತೋಷಕವನ್ನು ಪಡೆಯಿತು.

ಬರಿಗಾಲಿನ ಆಟಕ್ಕೆ ತನ್ನದೇ ಆದ ಗುಣವಿದ್ದಿತು. ಚರ್ಮದ ತಡೆಯಿಲ್ಲದ ಪಾದವು ಚೆಂಡಿನ ಒಲವನ್ನು ಥಟ್ಟನೆ ಅರಿಯುತ್ತಿದ್ದಿತು. ಒಣನೆಲದ ಮೇಲೆ ಹಗುರವಾಗಿ ತಿರುಗಿ, ಚೆಂಡನ್ನು ಒಬ್ಬರಿಂದೊಬ್ಬರಿಗೆ ಸಾಗಿಸುವುದು ಸುಲಭವಾಗುತ್ತಿದ್ದಿತು. ಮಳೆ ಬಿದ್ದರೆ ಮಾತ್ರ ಆ ಗುಣವೇ ದೋಷವಾಗಿ, ಕಾಲು ಜಾರುತ್ತಿದ್ದಿತು. ಕಾಲೇಜುಗಳು ತೆರೆಯುತ್ತಿದ್ದುದೋ ಮಳೆಗಾಲದ ಮೊದಲಿನಲ್ಲಿ. ಬೇಸಗೆ ಬರುವಷ್ಟರಲ್ಲಿ ಪರೀಕ್ಷೆಗಳು. ಈ ಎರಡರ ನಡುವೆ ಸಿಕ್ಕುವ ಸಂಜೆಗಳೇ ವಿದ್ಯಾರ್ಥಿ ತಂಡದ ಋತು. 1941ರಿಂದ ವಿಶ್ವವಿದ್ಯಾನಿಲಯಗಳ ನಡುವೆ ಸರ್ ಆಶುತೋಷ್ ಮುಖರ್ಜಿಯವರ ಹೆಸರಿನ ಪಂದ್ಯಗಳು ಆರಂಭವಾದುದರಿಂದ ಈ ಸಂಜೆಗಳ ಅಭ್ಯಾಸಕ್ಕೆ ಒಂದು ಗುರಿಯೂ ಒದಗಿತು.

1948ರ ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ತಂಡವನ್ನು ನಡೆಸಿಕೊಂಡು ಹೋದ ನಾಯಕರು ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ, ನಾಗಾ ಬೆಟ್ಟಗಳ ಟಿ. ಆವೋ ಅವರು. ಫ್ರಾನ್ಸಿನ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರು. ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಒಂದಕ್ಕೆ ಎರಡರಿಂದ ಸೋಲುಂಟಾಯಿತು. ಆದರೂ ಲೋಕವು ಮೆಚ್ಚಿತು; ನಮ್ಮವರು ಬರಿಗಾಲನ್ನೇ ಹೆಮ್ಮೆಯ ಲಾಂಛನವೆಂದು ಭಾವಿಸಿದರು.

ಈ ಹೆಮ್ಮೆಗೆ ಕಠಿನವಾದ ಪರೀಕ್ಷೆಯು ನಾಲ್ಕೇ ವರ್ಷಗಳಲ್ಲಿ ಬಂದಿತು. 1952ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯದವರು ಹತ್ತು ಗೋಲುಗಳನ್ನು ಹೊಡೆದರು. ಭಾರತಕ್ಕೆ ಸಿಕ್ಕಿದ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಆಟಗಾರರಲ್ಲಿ ಅನೇಕರಿಗೆ ಬೂಟುಗಳಿರಲಿಲ್ಲ. ಸೋಲಿಗೆ ವಿಧಿಯನ್ನು ದೂರಿ ಸುಮ್ಮನಿರಬಹುದಾಗಿದ್ದಿತು. ಹಾಗೆ ಮಾಡದೆ, ಆಟದ ಹಿರಿಯರು ಬೂಟುಗಳನ್ನು ಕಡ್ಡಾಯಮಾಡಿದರು. ಬರಿಗಾಲಿನಿಂದಲೇ ಕೀರ್ತಿಗಳಿಸಿದವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಫಲವು ಬೇಗನೆ ತೋರಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ, ಬೆಂಗಳೂರಿನ ಕೆಂಪಯ್ಯನವರೂ ಇದ್ದ ಭಾರತ ತಂಡವು ಆಸ್ಟ್ರೇಲಿಯವನ್ನು ನಾಲ್ಕಕ್ಕೆ ಎರಡು ಗೋಲುಗಳಿಂದ ಗೆದ್ದು ನಾಲ್ಕನೆಯ ಸ್ಥಾನವನ್ನು ಪಡೆಯಿತು.

ಹೀಗೆ ಬರಿಗಾಲು ನಮ್ಮವರಿಗೆ ಧೈರ್ಯವನ್ನು ಕಲಿಸಿತು. ಅದನ್ನು ತೊರೆಯಬೇಕಾಗಿ ಬಂದಾಗ ವಿವೇಕವನ್ನು ಕಲಿಸಿತು. ಮಠಗಳೂ ಇದನ್ನು ತಮ್ಮ ಚರಿತ್ರೆಯಿಂದಲೇ ಬಲ್ಲವು. ತಾಳೆಗರಿಯನ್ನು ಕಾಪಾಡಿದ ಕೈಗಳೇ ಮುದ್ರಣಾಲಯವನ್ನೂ ಪ್ರೌಢಶಾಲೆಯನ್ನೂ ಸ್ಥಾಪಿಸಿದುವು. ಧರ್ಮಕ್ಕೆ ಅದರಿಂದ ಕೊರತೆಯಾಗಲಿಲ್ಲ. ಆವೋ, ರಾಮನ್, ಅಹಮದ್ ಖಾನ್ ಇವರು ಒಂದೇ ತಂಡದಲ್ಲಿ ಆಡಿದಾಗ ಜಾತಿಮತಗಳ ಪ್ರಶ್ನೆಯೇಳದಿದ್ದುದು ಶರಣರ ಸಮತೆಗೆ ಒಪ್ಪುವ ಸಂಗತಿಯೇ ಆಗಿದೆ.

ಈಗ ನಾಲ್ಕು ಸೀಮೆಗಳಲ್ಲಿಯೂ ಕಾಲೇಜುಗಳಿವೆ. ಓದಿಗಾಗಿ ಊರು ಬಿಡಲೇಬೇಕೆಂಬ ನಿರ್ಬಂಧವಿಲ್ಲ. ಕಟ್ಟಡಗಳಿಗೆ ದಾನವಿತ್ತ ಮಹನೀಯರು ಪ್ರತಿಯೊಂದು ಕಾಲೇಜಿನ ಪಕ್ಕದಲ್ಲಿಯೂ ಒಂದು ಬಯಲನ್ನು ಉಳಿಸಿಕೊಡುವುದೂ ವಿದ್ಯಾದಾನವೇ ಎಂದು ತಿಳಿಯಬೇಕು. ಗೆಲುವಿನಲ್ಲಿ ಉಬ್ಬದೆ, ಸೋಲಿನಲ್ಲಿ ಕುಗ್ಗದೆ, ಕಲಿಯತಕ್ಕುದನ್ನು ನಾಚದೆ ಕಲಿಯುವ ತರುಣರು ಆ ಬಯಲುಗಳಿಂದ ಹೊರಡಲಿ.