ಬಾಗಿಲಿನ ಚಿತ್ರವೂ ಕಥನವೂ: ಹುಕ್ಕೇರಿ ಸೀಮೆಯ ನೆಲೆಯಿಂದ ಒಂದು ವಿಚಾರ

ಬಾಗಿಲಿನ ಚಿತ್ರವೊಂದನ್ನು ವಿದ್ಯಾರ್ಥಿಗಳ ಮುಂದಿರಿಸಿ, ಇದರ ಹಿಂದೆ ಏನಿರಬಹುದು, ಇದನ್ನು ಕಡೆಯ ಬಾರಿಗೆ ಮುಚ್ಚಿದವರು ಯಾರಿರಬಹುದು ಎಂದು ಕೇಳಿ ಅವರಿಂದ ಕಥೆ ಬರೆಯಿಸುವ ಪದ್ಧತಿಯು ಇಂದಿನ ಭಾಷಾಬೋಧನೆಯಲ್ಲಿ ಅಲ್ಲಲ್ಲಿ ಬಳಕೆಗೆ ಬಂದಿದೆ. ಇದನ್ನು ಹೊರಗಿನಿಂದ ಬಂದ ಹೊಸ ಉಪಾಯವೆಂದು ಎಣಿಸುವವರುಂಟು. ಬಾಗಿಲನ್ನು ನೋಡಿ ಕಥೆ ಕಟ್ಟುವ ರೂಢಿಯು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದುದು ಎಂಬುದನ್ನೂ, ಹಾಗೆ ಕಟ್ಟಿದ ಕಥೆಗೂ ಇತಿಹಾಸಕ್ಕೂ ಇರುವ ಸಂಬಂಧವೆಂತಹುದು ಎಂಬುದನ್ನೂ ಬೆಳಗಾವಿ ಜಿಲ್ಲೆಯ, ಅದರಲ್ಲಿಯೂ ಹುಕ್ಕೇರಿ ತಾಲೂಕಿನ ನಿದರ್ಶನಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

೧

ಮೊದಲು ಶಬ್ದವನ್ನೇ ನೋಡಬಹುದು. ಹಳಗನ್ನಡದ 'ಬಾಗಿಲ್' ಎಂಬುದೂ ತಮಿಳಿನ 'ವಾಯಿಲ್' ಎಂಬುದೂ ಒಂದೇ ಮೂಲದವು. 'ಬಾಯ್' ಮತ್ತು 'ಇಲ್' ಸೇರಿ ಆದ ಈ ಪದಕ್ಕೆ ಮನೆಯ ಬಾಯಿ ಎಂದೇ ಅರ್ಥವೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಮನೆಗೆ ಬಾಯಿಯಿದ್ದ ಮೇಲೆ ಅದು ಮಾತನಾಡುವುದು ಸಹಜವೇ ಆಗಿದೆ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಅದರ ಮುಂದೆ ರಂಗವಲ್ಲಿ ಬರೆಯುವ ನಮ್ಮ ಹೆಣ್ಣುಮಕ್ಕಳು ಬಾಗಿಲನ್ನು ದಿನಕ್ಕೊಮ್ಮೆ ಚಿತ್ರವನ್ನಾಗಿ ಮಾಡುತ್ತಲೇ ಬಂದಿದ್ದಾರೆ.

ಗುಡಿಗಳಲ್ಲಿ ಈ ಚಿತ್ರಣವು ಶಾಸ್ತ್ರದ ರೂಪವನ್ನು ತಾಳಿತು. ಬಾಗಿಲುವಾಡವನ್ನು ಹಲವು ಶಾಖೆಗಳಾಗಿ ವಿಂಗಡಿಸಿ, ಬಳ್ಳಿ, ಮಿಥುನ, ಪ್ರಾಣಿಗಳ ಸಾಲುಗಳನ್ನು ಬಿಡಿಸಿ, ಇಕ್ಕೆಲದಲ್ಲಿ ದ್ವಾರಪಾಲಕರನ್ನು ನಿಲ್ಲಿಸಿ, ನಡುವಣ ಲಲಾಟಬಿಂಬದಲ್ಲಿ ಗಜಲಕ್ಷ್ಮಿಯನ್ನೋ, ಬಸದಿಯಾದರೆ ಜಿನಬಿಂಬವನ್ನೋ ಕಂಡರಿಸುವುದು ಪದ್ಧತಿಯಾಯಿತು. ಲಕ್ಕುಂಡಿಯ ಕಾಶೀವಿಶ್ವೇಶ್ವರ ದೇವಾಲಯದ ಬಾಗಿಲುವಾಡಗಳು ಈ ಕಲೆಯ ಪರಾಕಾಷ್ಠೆಯನ್ನು ತೋರಿಸುತ್ತವೆ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಣನು ೧೨೦೪ರಲ್ಲಿ ಕಟ್ಟಿಸಿದ ಬೆಳಗಾವಿಯ ಕಮಲಬಸದಿಯು ಇದೇ ಸೀಮೆಯದು. ಒಳಗಿನ ದೇವರು ಯಾರೆಂಬುದನ್ನು ಒಳಹೊಗುವ ಮುನ್ನವೇ ಬಾಗಿಲು ಸೂಚಿಸುತ್ತದೆ. ಪೂರ್ತಿಯಾಗಿ ಮಾತ್ರ ಹೇಳುವುದಿಲ್ಲ. ಅರ್ಧ ಹೇಳಿ ಅರ್ಧ ಉಳಿಸುವ ಈ ಗುಣವೇ ಬಾಗಿಲನ್ನು ಕಥನಕ್ಕೆ ತಕ್ಕ ವಸ್ತುವನ್ನಾಗಿ ಮಾಡಿದೆ.

ಕೆತ್ತಿದ ರೂಪವು ಎದುರು ನಿಂತು ಕಥೆ ಹೇಳುವ ಕಲ್ಪನೆಯೂ ನಮಗೆ ಹೊಸದಲ್ಲ. ವಿಕ್ರಮಾದಿತ್ಯನ ಸಿಂಹಾಸನವನ್ನೇರ ಹೊರಟ ಭೋಜರಾಜನನ್ನು ಮೂವತ್ತೆರಡು ಪುತ್ಥಳಿಗಳು ಒಂದೊಂದಾಗಿ ತಡೆದು, ಒಂದೊಂದು ಕಥೆಯನ್ನು ಹೇಳುವುದು ಬತ್ತೀಸಪುತ್ಥಳಿ ಕಥೆಯ ಚೌಕಟ್ಟು. ಅಲ್ಲಿ ತಡೆಯೇ ಕಥೆಗೆ ಕಾರಣ. ಮುಚ್ಚಿದ ಕದವೂ ಮಾಡುವುದು ಇದನ್ನೇ.

೨

ಜನಪದ ಕಥೆಗಳಲ್ಲಿ ಬಾಗಿಲು ಇನ್ನೂ ಸ್ಪಷ್ಟವಾಗಿ ಕಥೆಯ ಕೀಲಿಯಾಗಿದೆ. ಆರು ಕೋಣೆಗಳನ್ನು ತೆರೆದು ನೋಡು, ಏಳನೆಯದನ್ನು ತೆರೆಯಬೇಡ ಎಂಬ ಕಟ್ಟಳೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಫ್ರೆಂಚ್ ಲೇಖಕ ಪೆರೋ ೧೬೯೭ರಲ್ಲಿ ಪ್ರಕಟಿಸಿದ ನೀಲಿಗಡ್ಡದವನ ಕಥೆಯಲ್ಲಿಯೂ ಇದೇ ನಿಷೇಧವಿದೆ. ದೇಶಾಂತರಗಳಲ್ಲಿ ಒಂದೇ ಬಗೆಯಾಗಿ ಕಾಣುವ ಈ ಆಶಯವು, ತೆರೆಯದ ಬಾಗಿಲನ್ನು ಕಂಡೊಡನೆ ಮನುಷ್ಯನ ಮನಸ್ಸು ಸುಮ್ಮನಿರಲಾರದೆಂಬುದಕ್ಕೆ ಸಾಕ್ಷಿ.

ಆದರೆ ಹೀಗೆ ಊಹಿಸುವುದರಲ್ಲಿ ಅಪಾಯವೂ ಉಂಟು. ಎ. ಕೆ. ರಾಮಾನುಜನ್ ಅವರು ೧೯೫೦ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದರು. ಅವರು ನಿರೂಪಿಸಿದ ಒಂದು ಕಥೆಯು ಇಲ್ಲಿ ವಿಚಾರಾರ್ಹವಾಗಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದವು. ಅವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಳಗೇ ಉಸಿರುಕಟ್ಟಿದ ಅವು, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಕಥೆಯು ಜೋಡುಗಳಾಗಿ ಬಾಗಿಲ ಹೊರಗೆ ಕುಳಿತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿಕೊಂಡಿತು. ಮನೆಗೆ ಬಂದ ಗಂಡನು ಬಾಗಿಲಲ್ಲಿ ಅವನ್ನು ಕಂಡು, ಬಂದವರಾರು ಎಂದು ಹೆಂಡತಿಯೊಡನೆ ಜಗಳವಾಡಿ, ಮುನಿದು ಹನುಮಂತನ ಗುಡಿಗೆ ಹೋಗಿ ಮಲಗಿದನು. ರಾತ್ರಿ ದೀಪದ ಕುಡಿಗಳು ತಮ್ಮತಮ್ಮಲ್ಲಿ ಆಡಿಕೊಂಡ ಮಾತಿನಿಂದ ಅವನಿಗೆ ನಿಜಸಂಗತಿ ತಿಳಿಯಿತು. ಅವನು ಮನೆಗೆ ಬಂದು ಕೇಳುವಷ್ಟರಲ್ಲಿ ಅವಳಿಗೆ ಆ ಕಥೆಯೂ ಹಾಡೂ ಮರೆತೇ ಹೋಗಿದ್ದವು.

ಗಂಡನು ಮಾಡಿದುದು ಇಂದಿನ ತರಗತಿಯ ಅಭ್ಯಾಸವನ್ನೇ: ಬಾಗಿಲ ನೋಟವೊಂದನ್ನು ಕಂಡು ಕಥೆ ಕಟ್ಟಿದನು. ಅವನು ಕಟ್ಟಿದ ಕಥೆಯು ಸುಳ್ಳಾಗಿತ್ತು. ನಿಜವಾದ ಕಥೆಯು ಅವನ ಕಣ್ಣೆದುರಿಗೇ ಜೋಡುಗಳಾಗಿ ಕುಳಿತಿತ್ತು. ನೋಡಿದವನ ಕಥೆ ಬೇರೆ, ಒಳಗಿದ್ದವರ ಕಥೆ ಬೇರೆ ಎಂಬ ಈ ವಿವೇಕವನ್ನು ಇತಿಹಾಸದ ವಿದ್ಯಾರ್ಥಿಯು ಮರೆಯತಕ್ಕದ್ದಲ್ಲ.

೩

ಛಾಯಾಚಿತ್ರದ ಕಾಲಕ್ಕೆ ಬಂದರೆ ೧೮೬೬ನೆಯ ವರ್ಷವು ಗಮನಾರ್ಹವಾದುದು. ಪೀಗೂ, ನೀಲ್, ಬಿಗ್ಸ್ ಎಂಬವರು ತೆಗೆದ ಛಾಯಾಚಿತ್ರಗಳೊಡನೆ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವೂ, ವಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಗ್ರಂಥವೂ ಆ ವರ್ಷ ಲಂಡನ್ನಿನಲ್ಲಿ ಪ್ರಕಟವಾದವು. ಎರಡಕ್ಕೂ ವಾಸ್ತುವಿಮರ್ಶೆಯನ್ನು ಬರೆದವನು ಜೇಮ್ಸ್ ಫರ್ಗುಸನ್. ಚಾರಿತ್ರಿಕ ಪೀಠಿಕೆಯನ್ನು ಬರೆದವನು ಮೆಡೋಸ್ ಟೇಲರ್. ಟೇಲರನು ೧೮೪೧ರಿಂದ ೧೮೫೩ರವರೆಗೆ ಸುರಪುರದಲ್ಲಿದ್ದು ಈ ನಾಡನ್ನು ಚೆನ್ನಾಗಿ ಬಲ್ಲವನಾಗಿದ್ದನು. ಅವನು ಕಾದಂಬರಿಕಾರನೂ ಹೌದು. ವಿಜಾಪುರದ ಆದಿಲಶಾಹಿ ಕಾಲವನ್ನು ಹಿನ್ನೆಲೆಯಾಗಿಟ್ಟುಕೊಂಡು ಬರೆದ 'ತಾರಾ' ೧೮೬೩ರಲ್ಲಿಯೂ, ಚಾಂದಬೀಬಿಯನ್ನು ಕುರಿತ ಕಾದಂಬರಿಯು ಅವನ ಮರಣಾನಂತರ ೧೮೭೮ರಲ್ಲಿಯೂ ಪ್ರಕಟವಾದವು.

ಒಂದೇ ನಾಡಿನ ಒಂದೇ ಕಮಾನುಗಳನ್ನೂ ಬಾಗಿಲುಗಳನ್ನೂ ಕಂಡ ಒಬ್ಬನೇ ಲೇಖಕನು ಇತಿಹಾಸವನ್ನು ಒಂದು ಪುಸ್ತಕದಲ್ಲಿಯೂ ಕಥೆಯನ್ನು ಇನ್ನೊಂದರಲ್ಲಿಯೂ ಬರೆದನು. ಅವನ ಅಭಿಪ್ರಾಯಗಳೆಲ್ಲವನ್ನೂ ಇಂದು ಒಪ್ಪಬೇಕಾದುದಿಲ್ಲ. ಆದರೆ ಎರಡೂ ಬರವಣಿಗೆಗಳು ಒಬ್ಬನಿಂದಲೇ ಸಾಧ್ಯ, ಎರಡೂ ಬೆರೆಯದಂತೆ ಬೇರೆ ಬೇರೆ ಹೊದಿಕೆಯಲ್ಲಿರುವುದು ಲೇಸು ಎಂಬುದನ್ನು ಅವನ ನಿದರ್ಶನವು ತೋರಿಸುತ್ತದೆ.

೪

ಬೆರೆತಾಗ ಏನಾಗುತ್ತದೆಂಬುದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳನ್ನು ನೋಡೋಣ. ಮೊದಲನೆಯದು ಉಡುಪಿಯ ಕನಕನ ಕಿಂಡಿ. ಶ್ರೀಕೃಷ್ಣನ ವಿಗ್ರಹವು ಪಶ್ಚಿಮಾಭಿಮುಖವಾಗಿರುವುದೂ, ಆ ದಿಕ್ಕಿನ ಗೋಡೆಯಲ್ಲಿ ಕಿಂಡಿಯಿರುವುದೂ ಕಣ್ಣಿಗೆ ಕಾಣುವ ಸಂಗತಿಗಳು. ಒಳಗೆ ಪ್ರವೇಶ ದೊರೆಯದ ಕನಕದಾಸರು ಹೊರಗೆ ನಿಂತು ಹಾಡಿದರೆಂದೂ, ಗೋಡೆ ಬಿರಿದು ದೇವರು ಅವರತ್ತ ತಿರುಗಿದನೆಂದೂ ಹೇಳುವುದು ಜನರ ಪರಂಪರೆ. ಇದು ನಡೆದುದೋ ಅಲ್ಲವೋ ಎಂಬ ವಾದವು ವಿದ್ವಾಂಸರಲ್ಲಿ ನಡೆದಿದೆ. ನಮಗೆ ಮುಖ್ಯವಾದುದು ಇನ್ನೊಂದು: ತಮಗೆ ಮುಚ್ಚಿದ್ದ ಬಾಗಿಲಿನ ಎದುರು ನಿಂತವರು ಈ ಕಥೆಯನ್ನು ಉಳಿಸಿಕೊಂಡು ಬಂದರು. ಪವಾಡಕ್ಕೆ ದಾಖಲೆಯಿಲ್ಲದಿರಬಹುದು, ಮುಚ್ಚಿದ ಬಾಗಿಲು ಮಾತ್ರ ಕಲ್ಪನೆಯದಲ್ಲ.

ಎರಡನೆಯದು ಕಿತ್ತೂರು. ದೊರೆ ಶಿವಲಿಂಗರುದ್ರಸರ್ಜನು ೧೮೨೪ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ದತ್ತಕವನ್ನು ಕಂಪನಿ ಸರಕಾರವು ಮನ್ನಿಸಲಿಲ್ಲ. ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮುಚ್ಚಿದ ಕೋಟೆಯ ಮುಂದೆ ತೋಪುಗಳನ್ನಿರಿಸಿ, ಬಾಗಿಲು ತೆರೆಯಬೇಕೆಂದು ಗಡುವು ವಿಧಿಸಿದನು. ಬಾಗಿಲು ತೆರೆಯಿತು, ಹೊರಬಂದುದು ಕಿತ್ತೂರಿನ ಸೈನ್ಯ. ಥ್ಯಾಕರೆಯು ಅಂದೇ ಹತನಾದನು. ಸೆರೆಸಿಕ್ಕವರಲ್ಲಿ ಅವನ ಸಹಾಯಕ ವಾಲ್ಟರ್ ಎಲಿಯಟ್‌ನೂ ಒಬ್ಬನು. ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ, ೧೮೩೭ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯಾದಿ ರಾಜವಂಶಗಳ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದವನು ಇವನೇ.

ಆ ಬಾಗಿಲು ಮುಚ್ಚಿದ್ದ ಹೊತ್ತಿನಲ್ಲಿ ಹೊರಗಿನವರು ಏನು ಮಾಡಿದರೆಂಬುದು ಕಂಪನಿಯ ಪತ್ರಗಳಿಂದ ತಿಳಿಯುತ್ತದೆ. ಒಳಗೆ ರಾಣಿ ಚೆನ್ನಮ್ಮನೂ ಸರದಾರರೂ ಆಡಿದ ಮಾತುಗಳನ್ನು ಬಹುಮಟ್ಟಿಗೆ ಲಾವಣಿಕಾರರು ತುಂಬಿಕೊಟ್ಟರು. ಹೊರಮುಖಕ್ಕೆ ಕಾಗದ, ಒಳಮುಖಕ್ಕೆ ಹಾಡು. ಹಾಡನ್ನು ಕಾಗದವೆಂದು ಓದುವುದು ತಪ್ಪು. ಕಾಗದವು ಮಾತ್ರವೇ ಇತಿಹಾಸವೆಂದು ತಿಳಿದು ಹಾಡನ್ನು ಕೈಬಿಡುವುದೂ ಅಷ್ಟೇ ತಪ್ಪು. ಏಕೆಂದರೆ ಹಾಗೆ ಮಾಡಿದಲ್ಲಿ ನಾವು ಎಂದೆಂದಿಗೂ ತೋಪಿನ ಬದಿಯಲ್ಲಿಯೇ ನಿಂತು ಕೋಟೆಯನ್ನು ನೋಡಿದಂತಾಗುವುದು.

೫

ಈ ದೃಷ್ಟಿಯಿಂದ ಹುಕ್ಕೇರಿ ತಾಲೂಕು ಅಭ್ಯಾಸಕ್ಕೆ ಒಳ್ಳೆಯ ಕ್ಷೇತ್ರವಾಗಿದೆ. ಹುಕ್ಕೇರಿ ಪಟ್ಟಣದಲ್ಲಿ ೧೬ನೆಯ ಶತಮಾನದ ಆದಿಲಶಾಹಿ ಗುಮ್ಮಟಗಳಿವೆ. ಸಂಕೇಶ್ವರದಲ್ಲಿ ಶಂಕರಲಿಂಗನ ಗುಡಿಯಿದೆ. ಹಳ್ಳಿಗಳಲ್ಲಿ ಅಗಸೆಗಳೂ ವಾಡೆಗಳೂ ಇವೆ. ಇವೆಲ್ಲಕ್ಕಿಂತ ವಿಚಾರಕ್ಕೆ ಹಚ್ಚುವುದು ಹುನ್ನೂರಿನ ವಿಠ್ಠಲ ದೇವಾಲಯ. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟನ್ನು ಕಟ್ಟಿದಾಗ ಹಿನ್ನೀರಿನ ಪಾಲಾದ ಈ ಕಲ್ಲಿನ ಗುಡಿಯು ವರ್ಷದ ಬಹುಭಾಗ ನೀರಿನಲ್ಲಿದ್ದು, ಬೇಸಿಗೆಯಲ್ಲಿ ನೀರು ಇಳಿದಾಗ ಹೊರಗೆ ಕಾಣಿಸಿಕೊಳ್ಳುತ್ತದೆ. ಜನರು ದರ್ಶನಕ್ಕೆ ಹೋಗುತ್ತಾರೆ. ಮಳೆ ಬಂದರೆ ಬಾಗಿಲು ಮತ್ತೆ ನೀರೊಳಗೆ ಮರೆಯಾಗುತ್ತದೆ.

ಇದರ ಚಿತ್ರವನ್ನು ನೋಡಿದ ಯಾವ ವಿದ್ಯಾರ್ಥಿಗಾದರೂ ಕಥೆ ಹೊಳೆಯದಿರದು: ಕಡೆಯ ಪೂಜೆ, ಮುಳುಗಿದ ಗಂಟೆ, ದೇವರನ್ನು ಬಿಟ್ಟು ಹೊರಟ ಅರ್ಚಕ. ಇವನ್ನು ಬರೆಯಬಾರದೆಂದು ನಾವು ಹೇಳುವುದಿಲ್ಲ. ಆದರೆ ಆ ಹೊಸ್ತಿಲನ್ನು ದಾಟಿ ಬಂದವರು ಬೇರೆಡೆಯಲ್ಲಿ ನೆಲೆಸಿದ್ದಾರೆ. ಅವರೊಡನೆ ಅವರ ನೆನಪುಗಳೂ ಇವೆ. ನದಿಯ ನೀರು ದೂರದ ಹೊಲಗಳಿಗೆ ಹರಿದುದೂ, ಇವರ ಮನೆಗಳ ಬಾಗಿಲುಗಳು ಮುಳುಗಿದುದೂ ಒಂದೇ ಕಾರ್ಯದ ಎರಡು ಮುಖಗಳು. ಇವರನ್ನು ಕೇಳದೆಯೇ ಚಿತ್ರಕ್ಕೆ ಕಥೆ ಹೆಣೆದರೆ, ಬಾಗಿಲಲ್ಲಿ ಜೋಡು ಕಂಡು ಮುನಿದ ಗಂಡನ ಕೆಲಸವನ್ನೇ ಮಾಡಿದಂತಾಗುವುದು. ಕೇಳುವುದು ತಡವಾದರೆ, ಆ ಗೃಹಿಣಿಗೆ ಆದಂತೆ ಕಥೆಯು ಮರೆತೇ ಹೋದೀತು.

ಆದುದರಿಂದ ಅಧ್ಯಾಪಕರಿಗೆ ನಮ್ಮ ಸೂಚನೆ ಇಷ್ಟು. ಬಾಗಿಲಿನ ಚಿತ್ರವನ್ನು ತೆಗೆದೊಡನೆ ಊರು, ಕಟ್ಟಡ, ದಿಕ್ಕು, ದಿನಾಂಕಗಳನ್ನು ಬರೆದಿಡಬೇಕು. ಬಳಿಕ ವಿದ್ಯಾರ್ಥಿಯು ಚಿತ್ರದಲ್ಲಿ ಕಂಡುದನ್ನು ಮೊದಲು ಬರೆಯಲಿ: ಮರವೋ ಕಲ್ಲೋ, ಲಲಾಟದಲ್ಲಿ ಏನಿದೆ, ಹೊಸ್ತಿಲು ಎಷ್ಟು ಸವೆದಿದೆ, ಅಗುಳಿಯು ಒಳಗಿದೆಯೋ ಬೀಗವು ಹೊರಗಿದೆಯೋ. ಎರಡನೆಯದಾಗಿ ಶಾಸನ, ಕಾಗದಪತ್ರ ಹಾಗೂ ಊರ ಹಿರಿಯರಿಂದ ತಿಳಿದುದನ್ನು, ಯಾರು ಹೇಳಿದರೆಂಬುದರೊಡನೆ ಬರೆಯಲಿ. ಮೂರನೆಯದಾಗಿ ತನ್ನ ಕಥೆಯನ್ನು ಬೇರೆ ಹಾಳೆಯಲ್ಲಿ, ಕಥೆಯೆಂದೇ ಹೆಸರಿಟ್ಟು ಬರೆಯಲಿ. ಮೊದಲ ಎರಡು ಹಾಳೆಗಳಿದ್ದರೆ ಮೂರನೆಯದು ಕಳೆಗುಂದುವುದಿಲ್ಲ. ಸವೆದ ಹೊಸ್ತಿಲನ್ನು ಕಣ್ಣಿಟ್ಟು ನೋಡಿದವನ ಕಥೆಯು ನೋಡದವನ ಕಥೆಗಿಂತ ಗಟ್ಟಿಯಾಗಿರುತ್ತದೆ.

ಇದಕ್ಕೆ ಕಾಲದ ಒತ್ತಾಯವೂ ಉಂಟು. ಹಳೆಯ ಮನೆಗಳನ್ನು ಕೆಡವಿದಾಗ ಕೆತ್ತನೆಯ ಕದಗಳೂ ಬಾಗಿಲುವಾಡಗಳೂ ಪಟ್ಟಣಗಳ ಅಂಗಡಿಗಳಿಗೆ ಹೋಗಿ, ಊರಿನ ಹೆಸರಿಲ್ಲದೆ ಅಲಂಕಾರದ ವಸ್ತುಗಳಾಗಿ ಮಾರಾಟವಾಗುತ್ತಿವೆ. ಹೆಸರು ಕಳೆದ ಬಾಗಿಲಿಗೆ ಯಾರು ಬೇಕಾದರೂ ಯಾವ ಕಥೆಯನ್ನಾದರೂ ಹೇಳಬಹುದು; ಅದರ ಸ್ವಂತ ಕಥೆಯನ್ನು ಹೇಳುವವರು ಮಾತ್ರ ದೊರೆಯುವುದಿಲ್ಲ. ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹತ್ತು ಬಾಗಿಲುಗಳನ್ನು ಈ ಕ್ರಮದಲ್ಲಿ ದಾಖಲಿಸಿದರೆ, ಮುಂದಿನ ಕಥೆಗಾರನಿಗೂ ಇತಿಹಾಸಕಾರನಿಗೂ ಅದು ಸಮಾನವಾಗಿ ನೆರವಾಗುವುದು.