ಪಾಯದ ಫೋಟೊ, ಪಾಯದ ಆಳ: ಮುಗದದಲ್ಲಿ ಒಂದು ಸಣ್ಣ ಮನೆ ನೆಲದೊಳಗೆ ಶುರುವಾಗುವ ಬಗೆ

ನಮ್ಮ ಕಡೆ ಅದಕ್ಕೆ ‘ಪಾಯಾ’ ಅಂತಾರೆ. ಸರ್ಕಾರಿ ಕಾಗದದಲ್ಲಿ ‘ತಳಪಾಯ ಹಂತ’ ಅಂತ ಬರೆದಿರುತ್ತದೆ. ವಸತಿ ಯೋಜನೆಯಲ್ಲಿ ಮನೆ ಮಂಜೂರಾದ ಕುಟುಂಬಗಳಿಗೆ ಈ ಎರಡನೇ ಪದ ಬಾಯಿಪಾಠ. ಯಾಕೆಂದರೆ ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಗಳಲ್ಲಿ ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತ ಹಂತವಾಗಿ, ಪ್ರತಿ ಹಂತದ ಫೋಟೊ ಅಪ್‌ಲೋಡ್ ಆದ ಮೇಲೆ ಬರುತ್ತದೆ. ಆದರೆ ಫೋಟೊದಲ್ಲಿ ಕಾಣುವುದು ನೆಲದ ಮೇಲೆ ಎದ್ದಿರುವುದು ಮಾತ್ರ. ಮನೆ ನಿಲ್ಲುತ್ತದೋ ಸೀಳುತ್ತದೋ ಎನ್ನುವುದು ತೀರ್ಮಾನವಾಗುವುದು ಅದರ ಕೆಳಗೆ.

ನಾನು ಸಿವಿಲ್ ಡಿಪ್ಲೊಮಾ ಮುಗಿಸಿ, ಎರಡು ವರ್ಷ ಸೈಟಿನಲ್ಲಿ ನಿಂತು, ಆಮೇಲೆ ಬರೆಯುವ ಕೆಲಸಕ್ಕೆ ಬಂದವನು. ಮುಗದದಲ್ಲಿ ನನ್ನ ಸೋದರಮಾವ ಮನೆ ಕಟ್ಟಿಸಲು ಹೊರಟಾಗ, “ನೀ ಓದೀದಿ, ಬಂದು ನಿಂದರು” ಅಂತ ಕರೆದ. ಹಾಗಾಗಿ ಈ ಬೇಸಿಗೆಯಲ್ಲಿ ಹದಿನೈದು ದಿನ ಗುಂಡಿಗಳ ದಂಡೆಯ ಮೇಲೆ ಕಳೆದೆ. ಒಂದು ಅಂತಸ್ತಿನ ಸಣ್ಣ ಮನೆಯ ಕಾಂಕ್ರೀಟ್ ಪಾಯ ಹೇಗೆ ಹಾಕುತ್ತಾರೆ, ಎಲ್ಲಿ ತಪ್ಪುತ್ತಾರೆ, ಆ ತಪ್ಪಿನಲ್ಲಿ ಗೌಂಡಿಯ ಪಾಲೆಷ್ಟು, ಸರ್ಕಾರದ ಲೆಕ್ಕದ ಪಾಲೆಷ್ಟು ಎನ್ನುವುದನ್ನು ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದೇ ಕೆಲಸ ನಡೆದಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಮಣ್ಣು

ಧಾರವಾಡದಿಂದ ಅಳ್ನಾವರದ ಕಡೆ ರೈಲಿನಲ್ಲಿ ಹೊರಟರೆ ಕ್ಯಾರಕೊಪ್ಪದ ನಂತರ ಮುಗದ ಬರುತ್ತದೆ. ದೊಡ್ಡ ಕೆರೆ, ಭತ್ತದ ಗದ್ದೆ. ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಇಲ್ಲೇ ಇದೆ, ‘ಮುಗದ ಸುಗಂಧ’ ಎನ್ನುವ ಭತ್ತಕ್ಕೆ ಈ ಊರಿನದೇ ಹೆಸರು. ಧಾರವಾಡದ ಪೂರ್ವಕ್ಕೆ, ನವಲಗುಂದದ ಕಡೆ ಹೋದಷ್ಟೂ ಎರೆ ಭೂಮಿ. ಪಶ್ಚಿಮಕ್ಕೆ ಬಂದಷ್ಟೂ ಕೆಂಪು ಮಣ್ಣು, ಗರಸು, ಮಲೆನಾಡಿನ ಸೆರಗು. ಹಾಗಂತ ಪಶ್ಚಿಮದ ಊರುಗಳಲ್ಲಿ ಎಲ್ಲಾ ಕೆಂಪೇ ಅಂತ ತಿಳಿಯಬೇಡಿ. ದಿಬ್ಬದ ಮೇಲೆ ಗರಸು ಸಿಕ್ಕರೆ, ಅದೇ ಇಳಿಜಾರಿನ ಬುಡದಲ್ಲಿ, ಗದ್ದೆಯ ಬದಿಗೆ, ಕೈಗೆ ಅಂಟುವ ಕಪ್ಪು ಜಿಗುಟು ಮಣ್ಣು ಸಿಗುತ್ತದೆ.

ಮಾಮಾನ ಜಾಗ ಸರಿಯಾಗಿ ಅಂಥ ಇಳಿಜಾರಿನಲ್ಲಿತ್ತು. ಗುರುತು ಹಾಕಿದ ಒಂಬತ್ತು ಕಾಲಂಗಳಲ್ಲಿ ಮೇಲಿನ ಸಾಲಿನ ಮೂರಕ್ಕೆ ಮೂರೇ ಅಡಿಯಲ್ಲಿ ಗಟ್ಟಿ ಗರಸು ತಾಕಿತು, ಹಾರಿ ಹಾಕಿದರೆ ಠಣ್ ಅನ್ನುತ್ತಿತ್ತು. ಕೆಳಗಿನ ಸಾಲಿನಲ್ಲಿ ನಾಲ್ಕು ಅಡಿ ತೋಡಿದರೂ ಕಪ್ಪು ಮಣ್ಣೇ. ಗೌಂಡಿ ಕಾಕಾ ಅನುಭವಸ್ಥರು, ಇಪ್ಪತ್ತೈದು ವರ್ಷದ ಕೈ. ಆದರೂ ಅಂದರು: “ತಮ್ಮಾ, ಎಲ್ಲಾ ಕಡೆ ನಾಕ ಫೂಟ್ ಸಾಕು. ಮಣ್ಣಾಗ ಹೋಗೋ ರೊಕ್ಕ ಅದು, ಯಾರ ನೋಡ್ತಾರ?”

ಅವರು ಮೋಸ ಮಾಡುತ್ತಿರಲಿಲ್ಲ. ಎದುರಿಗಿದ್ದ ರೊಕ್ಕ ಎಷ್ಟು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ.

ಆದರೆ ಅಪಾಯ ಇರುವುದು ಅಲ್ಲೇ. ಮನೆ ಪೂರ್ತಿ ಒಂದೇ ಸಮನಾಗಿ ಅರ್ಧ ಇಂಚು ಕುಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದು ಸಾಲು ಗರಸಿನ ಮೇಲೆ ಕೂತು ಅಲ್ಲಾಡದೆ, ಇನ್ನೊಂದು ಸಾಲು ಜಿಗುಟು ಮಣ್ಣಿನ ಮೇಲೆ ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿದರೆ, ನಡುವಿನ ಗೋಡೆ ಸೀಳುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ನಮ್ಮ ದೇಶದ ಎರೆ ಮಣ್ಣಿನಲ್ಲಿ ಈ ಉಬ್ಬು-ಕುಗ್ಗು ಸುಮಾರು 3.5 ಮೀಟರ್ ಆಳದವರೆಗೂ ಇರುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅದಕ್ಕೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಂಟೆಯಂತೆ ಅಗಲವಾಗುವ ಪೈಲ್‌ಗಳನ್ನು ರೂಪಿಸಿತು. ಎರೆ ತುಂಬಾ ಆಳಕ್ಕೆ ಹೋಗಿದ್ದರೆ ಅದೇ ದಾರಿ. ಎರೆಯ ಪದರ ತೆಳುವಾಗಿದ್ದರೆ ಅದನ್ನು ದಾಟಿ ಗರಸಿಗೆ ಇಳಿಯುವುದು ಸರಳ. ಪದರ ಎಷ್ಟಿದೆ ಅಂತ ತಿಳಿಯಲು ಮೊದಲೇ ಒಂದೆರಡು ಮೂಲೆಗಳಲ್ಲಿ ಪರೀಕ್ಷೆಯ ಗುಂಡಿ ತೋಡಬೇಕು. ಒಂದೇ ಮೂಲೆಯಲ್ಲಿ ತೋಡಿ ಸುಮ್ಮನಾದರೆ ಮಾಮಾನ ಜಾಗದಂಥಲ್ಲಿ ಮೋಸ ಹೋಗುತ್ತೀರಿ.

‘ಆಳವಿಲ್ಲದ’ ಪಾಯ ಅಂದರೆ

ಸಣ್ಣ ಮನೆಗೆ ಹಾಕುವುದನ್ನು ಎಂಜಿನಿಯರಿಂಗ್‌ನಲ್ಲಿ ಶಾಲೋ ಫೌಂಡೇಶನ್ ಅನ್ನುತ್ತಾರೆ. ಆಳವಿಲ್ಲ ಅಂದ ಮಾತ್ರಕ್ಕೆ ಹಗುರವಾಗಿ ತಗೊಳ್ಳುವ ಕೆಲಸ ಅಂತಲ್ಲ. ಪೈಲ್‌ನಂತೆ ಆಳಕ್ಕೆ ಹೋಗದೆ, ಭಾರವನ್ನು ಅಗಲಕ್ಕೆ ಹರಡಿ ಹತ್ತಿರದ ಗಟ್ಟಿ ನೆಲಕ್ಕೆ ದಾಟಿಸುವುದು ಅದರ ಕೆಲಸ. ಭಾರತೀಯ ಮಾನಕ ಐಎಸ್ 1904 ಪ್ರಕಾರ ಕನಿಷ್ಠ ಅರ್ಧ ಮೀಟರ್ ಆಳ ಇರಬೇಕು. ಅದು ಕನಿಷ್ಠ ಮಾತ್ರ. ನಿಮ್ಮ ಆಳವನ್ನು ಹೇಳುವುದು ನಿಮ್ಮ ಮಣ್ಣು.

ಲೆಕ್ಕ ಕಷ್ಟವೇನಲ್ಲ. ಸಣ್ಣ ಮನೆಯ ನಡುವಿನ ಕಾಲಂ ಮೇಲೆ ಛಾವಣಿ, ಗೋಡೆ ಎಲ್ಲಾ ಸೇರಿ ಹೆಚ್ಚುಕಡಿಮೆ 10 ಟನ್ ಬರುತ್ತದೆ ಅಂತಿಟ್ಟುಕೊಳ್ಳಿ. ಅದರ ಕೆಳಗೆ 1.2 ಮೀಟರ್ ಉದ್ದ-ಅಗಲದ ಫೂಟಿಂಗ್ ಹಾಕಿದರೆ ನೆಲದ ಮೇಲೆ ಚದರ ಮೀಟರಿಗೆ 7 ಟನ್ ಬೀಳುತ್ತದೆ. ಉಳಿತಾಯ ಅಂತ 0.9 ಮೀಟರಿಗೆ ಇಳಿಸಿದರೆ ಅದು 12 ಟನ್ ದಾಟುತ್ತದೆ. ಒಂದೊಂದು ಬದಿಯಲ್ಲಿ ಒಂದಡಿ ಕಮ್ಮಿ ಮಾಡಿದ್ದಕ್ಕೆ ಇಷ್ಟು ಫರಕು. ಗಟ್ಟಿ ಗರಸು ಇದನ್ನು ತಡೆದೀತು. ಒದ್ದೆಯಾದ ಕಪ್ಪು ಮಣ್ಣು ತಡೆಯುವುದಿಲ್ಲ.

ಗುಂಡಿ

ಗುರುತು ಹಾಕುವಾಗ ದಾರ ಕಟ್ಟಿ, ಸುಣ್ಣದ ಗೆರೆ ಎಳೆದು, ಮೂಲೆಯಲ್ಲಿ 3-4-5 ಲೆಕ್ಕ ನೋಡುತ್ತಾರೆ: ಒಂದು ಬದಿಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಅಳೆದರೆ ಕರ್ಣ ಸರಿಯಾಗಿ 5 ಅಡಿ ಬರಬೇಕು. ನಮ್ಮ ಗೌಂಡಿ ಕಾಕಾ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಪೈಥಾಗೊರಸ್ ಪ್ರಮೇಯ ಮಾತ್ರ ದಿನಾ ಬಳಸುತ್ತಾರೆ.

ಕೆಳಗಿನ ಸಾಲಿನಲ್ಲಿ ಏಳು ಅಡಿಗೆ ಗರಸು ಸಿಕ್ಕಿತು. ಏಳು ಅಡಿ ಗುಂಡಿಯೊಳಗೆ ಇಳಿದು ಮಣ್ಣು ಎತ್ತುವುದು ಸಣ್ಣ ಮಾತಲ್ಲ. ಗುಂಡಿ 1.5 ಮೀಟರಿಗಿಂತ ಆಳವಾದರೆ ಬದಿಗೆ ಹಲಗೆಯ ಆಸರೆ ಕೊಡಬೇಕು ಅಥವಾ ಬದಿಯನ್ನು ಇಳಿಜಾರಾಗಿ ಕಡಿಯಬೇಕು ಎನ್ನುವುದು ಸುರಕ್ಷತೆಯ ರೂಢಿ. ತೋಡಿದ ಮಣ್ಣನ್ನು ದಂಡೆಗೇ ಪೇರಿಸಬಾರದು, ಆ ಭಾರಕ್ಕೇ ಬದಿ ಕುಸಿಯುತ್ತದೆ. ಹಳ್ಳಿಯ ಸೈಟುಗಳಲ್ಲಿ ಇದನ್ನು ಯಾರು ನೋಡುತ್ತಾರೆ? 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ, 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಬಡವರ ಮನೆಗೆ ಹೊರೆಯಾಗಬಾರದು ಎನ್ನುವ ಉದ್ದೇಶ ಸರಿಯೇ. ಆದರೆ ಗುಂಡಿಯೊಳಗೆ ನಿಂತವನೂ ಬಡವನೇ. ನಾವು ಬದಿಯನ್ನು ಮೆಟ್ಟಿಲಿನಂತೆ ಕಡಿಸಿದೆವು. ಅರ್ಧ ದಿನದ ಕೂಲಿ ಹೆಚ್ಚಾಯಿತು, ಮಾಮಾ ಒಂದು ಮಾತೂ ಆಡಲಿಲ್ಲ.

ಬೆಡ್, ಜಾಳಿ, ಕಾಂಕ್ರೀಟ್

ಗುಂಡಿಯ ತಳ ಸಮ ಮಾಡಿ, ಸಡಿಲ ಮಣ್ಣು ತೆಗೆದು, ದಿಮ್ಮಸಿನಿಂದ ಬಡಿದು, ಮೇಲೆ ಮೂರ್ನಾಲ್ಕು ಇಂಚು ಬೆಡ್ ಕಾಂಕ್ರೀಟ್ ಹಾಕುತ್ತಾರೆ. ಸಿಮೆಂಟ್ ಒಂದು, ಉಸುಕು ನಾಲ್ಕು, ಖಡಿ ಎಂಟು. ಇದು ಭಾರ ಹೊರುವುದಕ್ಕಲ್ಲ. ಮೇಲಿನ ರಾಡಿಗೆ ಮಣ್ಣು ತಾಕದಿರಲಿ, ಹೊಸ ಕಾಂಕ್ರೀಟಿನ ನೀರನ್ನು ಮಣ್ಣು ಹೀರದಿರಲಿ ಅಂತ.

ಅದರ ಮೇಲೆ ರಾಡಿನ ಜಾಳಿ. ರಾಡು ಕೆಳಗೇ ಯಾಕೆ ಇರಬೇಕು? ಕಾಲಂ ಮೇಲಿನಿಂದ ನಡುವೆ ಒತ್ತುತ್ತದೆ, ನೆಲ ಕೆಳಗಿನಿಂದ ಇಡೀ ತಳವನ್ನು ಮೇಲಕ್ಕೆ ಒತ್ತುತ್ತದೆ. ತೆಳು ಹಲಗೆಯ ನಡುವೆ ಕಾಲಿಟ್ಟು ಎರಡೂ ತುದಿ ಮೇಲೆತ್ತಿ ನೋಡಿ, ಸೀಳುವುದು ಕೆಳಮೈ. ಕಾಂಕ್ರೀಟ್ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಆ ಎಳೆತಕ್ಕೆ ರಾಡು. ಆದರೆ ರಾಡು ಪೂರ್ತಿ ತಳಕ್ಕೆ ಕೂತರೆ ಕಾಂಕ್ರೀಟ್ ಅದನ್ನು ಸುತ್ತುವುದಿಲ್ಲ, ತೇವ ತಾಕಿ ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ. ಐಎಸ್ 456 ಫೂಟಿಂಗಿನ ರಾಡಿಗೆ ಕನಿಷ್ಠ 50 ಮಿಲಿಮೀಟರ್, ಅಂದರೆ ಎರಡು ಇಂಚು, ಕವರ್ ಕೇಳುತ್ತದೆ. ಹೆಚ್ಚಿನ ಕಡೆ ಕೈಗೆ ಸಿಕ್ಕ ಖಡಿ ಚೂರು ಇಟ್ಟು, “ಆತ್ ಬಿಡ್ರಿ” ಅಂತಾರೆ. ಕಾಂಕ್ರೀಟ್ ಸುರಿಯುವಾಗ ಯಾರೋ ಮೇಲೆ ಕಾಲಿಟ್ಟರೆ ಚೂರು ಜಾರುತ್ತದೆ. ನಾವು ಮೊದಲೇ ಕವರ್ ಬ್ಲಾಕ್ ಎರಕ ಹೊಯ್ದು ಇಟ್ಟುಕೊಂಡಿದ್ದೆವು. ಅರ್ಧ ಚೀಲ ಸಿಮೆಂಟಿನ ಕೆಲಸ.

ಇನ್ನು ಜಗಳ ಆಗುವುದು ನೀರಿನ ಮೇಲೆ. ಫೂಟಿಂಗಿಗೆ ಕನಿಷ್ಠ ಎಂ20 ಬೇಕು: ಸಿಮೆಂಟ್ ಒಂದು, ಉಸುಕು ಒಂದೂವರೆ, ಖಡಿ ಮೂರು. ಈ ಮಿಶ್ರಣಕ್ಕೆ 50 ಕೆಜಿ ಚೀಲಕ್ಕೆ 30 ಲೀಟರ್ ನೀರು ಮೀರಬಾರದು ಅಂತ ಮಾನಕ ಹೇಳುತ್ತದೆ. ನಮ್ಮ ಪ್ಲಾಸ್ಟಿಕ್ ಕೊಡ 15 ಲೀಟರಿನದು, ಅಂದರೆ ಚೀಲಕ್ಕೆ ಎರಡು ಕೊಡ, ಉಸುಕು ಹಸಿ ಇದ್ದರೆ ಅದಕ್ಕಿಂತ ಕಮ್ಮಿ. ಆದರೆ ಎರಡೇ ಕೊಡ ಹಾಕಿದರೆ ಮಾಲು ಗಟ್ಟಿ ಇರುತ್ತದೆ, ಸಲಿಕೆಯಿಂದ ಎಳೆಯಲು ರಟ್ಟೆ ಬೀಳುತ್ತದೆ. ಮೂರು, ನಾಲ್ಕು ಕೊಡ ಸುರಿದರೆ ತಾನೇ ಹರಿಯುತ್ತದೆ. ಹೆಚ್ಚಾದ ನೀರು ಆಮೇಲೆ ಆವಿಯಾಗಿ, ಅದಿದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು ಬಿಟ್ಟುಹೋಗುತ್ತದೆ. ಸಿಮೆಂಟ್ ಅಷ್ಟೇ ಹಾಕಿದ್ದೀರಿ, ಬಲ ಮಾತ್ರ ಹೋಯಿತು. ಇದರಲ್ಲಿ ಆಳುಗಳನ್ನು ಬೈದು ಉಪಯೋಗವಿಲ್ಲ. ವೈಬ್ರೇಟರ್ ಬಾಡಿಗೆಗೆ ತಂದುಕೊಟ್ಟರೆ ಗಟ್ಟಿ ಮಾಲೂ ಮೂಲೆ ಮೂಲೆಗೆ ಕೂರುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ತರುತ್ತಿದ್ದ ಅಕ್ಕಂದಿರು ಎರಡನೇ ದಿನ ಅಂದದ್ದು ನೆನಪಿದೆ: “ಮಿಷನ್ ತಂದಿದ್ದು ಚಲೋ ಆತ್ ನೋಡ್ರಿ, ಇಲ್ಲಾಂದ್ರ ಇನ್ನೊಂದು ಕೊಡಾ ಹಾಕಂತ ಇವರು ನಮ್ಮನ್ನ ಓಡಸ್ತಿದ್ರು.” ಅವರ ಪಗಾರ ಗಂಡಾಳಿಗಿಂತ ಕಮ್ಮಿಯೇ ಇತ್ತು. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ.

ಗುಂಡಿಯಲ್ಲಿ ನೀರು ನಿಂತಿದ್ದರೆ ಹೊರಹಾಕಿ, ರಾಡಿ ತೆಗೆದು, ಆಮೇಲೆಯೇ ಕಾಂಕ್ರೀಟ್. ನೀರಿನ ಮೇಲೇ ಸುರಿದು, ಒಣ ಸಿಮೆಂಟ್ ಉದುರಿಸಿ ಮುಚ್ಚುವುದನ್ನು ನಾನು ಬೇರೆ ಸೈಟಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಆಮೇಲಿನ ಹತ್ತು ದಿನ

ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆಸಿದ ಪಿಪಿಸಿ ಆದರೆ 10 ದಿನ ಹಸಿ ಆರಬಾರದು. ಎರೆ ಮಣ್ಣಿನಲ್ಲಿ ಗುಂಡಿ ತುಂಬಾ ನೀರು ನಿಲ್ಲಿಸುವುದು ತಪ್ಪು, ಸುತ್ತಲಿನ ಮಣ್ಣು ಉಬ್ಬುತ್ತದೆ. ಒದ್ದೆ ಗೋಣಿ ತಟ್ಟು ಹೊದಿಸಿ, ದಿನಕ್ಕೆ ಮೂರ್ನಾಲ್ಕು ಸಲ ನೀರು ಚಿಮುಕಿಸಿದರೆ ಸಾಕು.

ಗುಂಡಿ ಮುಚ್ಚುವಾಗ ತೆಗೆದ ಕಪ್ಪು ಮಣ್ಣನ್ನೇ ವಾಪಸ್ ತುಂಬಬೇಡಿ. ಗರಸು ತಂದು, ಆರಾರು ಇಂಚಿನ ಪದರವಾಗಿ ಬಡಿಯಿರಿ. ಕಾಲಂಗಳನ್ನೆಲ್ಲ ಪ್ಲಿಂತ್ ಬೀಮಿನಿಂದ ಬಿಗಿದರೆ ಒಂದು ಫೂಟಿಂಗ್ ಸ್ವಲ್ಪ ಅಲ್ಲಾಡಿದರೂ ಪಕ್ಕದವು ಹಿಡಿದುಕೊಳ್ಳುತ್ತವೆ. ಮನೆ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ: ಬಚ್ಚಲ ನೀರನ್ನು ಗೋಡೆಯ ಬುಡದಿಂದ ದೂರ ಒಯ್ಯುವುದು. ಎರೆ ನೆಲದ ಊರುಗಳಲ್ಲಿ ಬಿರುಕು ಬಿಟ್ಟ ಮನೆಗಳನ್ನು ನೋಡಲು ಹೋದಾಗ ನಾನು ಮೊದಲು ಕೇಳುವುದು, ಬಚ್ಚಲ ಎಲ್ಲೈತಿ? ಬಹಳ ಸಲ ಬಿರುಕು ಅದೇ ಮೂಲೆಯಿಂದ ಹೊರಟಿರುತ್ತದೆ.

ಹಣದ ಲೆಕ್ಕ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಅಂದಿನಿಂದ ನಮ್ಮ ಊರುಗಳಲ್ಲಿ ಕಾಲಂ, ರಾಡು ಎನ್ನುವ ಪದಗಳು ಚಹಾ ಅಂಗಡಿಯವರೆಗೂ ಬಂದವು. ಆದರೆ ಬಡವರ ಒಂದಂತಸ್ತಿನ ಮನೆ ಹಾಗೆ ಬೀಳುವುದಿಲ್ಲ, ಸುದ್ದಿಯೂ ಆಗುವುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಏಳುತ್ತದೆ, ಬಾಗಿಲು ಮಳೆಗಾಲದಲ್ಲಿ ಹಾಕಲು ಬರುವುದಿಲ್ಲ, ಐದನೇ ವರ್ಷಕ್ಕೆ ರಿಪೇರಿಯ ಸಾಲ.

ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಕೊಡುತ್ತದೆ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. 2016ರಲ್ಲಿ ನಿಗದಿಯಾದ ಈ ಮೊತ್ತ ಗರಸಿನ ಮೇಲೂ ಅಷ್ಟೇ, ಎರೆಯ ಮೇಲೂ ಅಷ್ಟೇ. ಬೆಟ್ಟಗುಡ್ಡದ ರಾಜ್ಯಗಳಿಗೆ 1.30 ಲಕ್ಷ ಅಂತ ಪ್ರತ್ಯೇಕ ದರ ಇಟ್ಟವರು, ನೆಲದ ಮೇಲಿನ ಏರಿಳಿತ ನೋಡಿದರು, ನೆಲದೊಳಗಿನದನ್ನು ನೋಡಲಿಲ್ಲ. ಒಂಬತ್ತು ಗುಂಡಿಗಳನ್ನು ಒಂದೂವರೆ ಮೀಟರ್ ಚೌಕಕ್ಕೆ ನಾಲ್ಕು ಅಡಿ ತೋಡಿದರೆ ಸುಮಾರು 24 ಘನ ಮೀಟರ್ ಮಣ್ಣು. ಏಳು ಅಡಿಗೆ ಇಳಿದರೆ 42 ದಾಟುತ್ತದೆ. ಅದರ ಮೇಲೆ ಉದ್ದವಾದ ಕಾಲಂ, ಹೊರಗಿನಿಂದ ತರುವ ಗರಸು. ಇಷ್ಟೂ ಹೆಚ್ಚಿನ ಖರ್ಚು, ಫೋಟೊದಲ್ಲಿ ಒಂದು ಇಂಚೂ ಕಾಣದ ಖರ್ಚು, ಫಲಾನುಭವಿಯ ಹೆಗಲಿಗೆ. ಅದೇ 2019ರ ಆಗಸ್ಟ್ ಮಳೆಗೆ ಪೂರ್ತಿ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಮನೆ ಬಿದ್ದ ಮೇಲೆ ಕಾಣುವ ಲೆಕ್ಕ, ಕಟ್ಟುವ ಮುಂಚೆ ಯಾಕೆ ಕಾಣುವುದಿಲ್ಲ?

ಎರೆ ಮಣ್ಣಿನ ಜಾಗಕ್ಕೆ ತಳಪಾಯ ಹಂತದಲ್ಲಿ ಹೆಚ್ಚುವರಿ ಮೊತ್ತ, ಮತ್ತು ಕಾಂಕ್ರೀಟ್ ಹಾಕುವ ಮುಂಚೆ ತೆರೆದ ಗುಂಡಿಯ ಫೋಟೊ. ಈ ಎರಡನ್ನು ಗ್ರಾಮಸಭೆಯಲ್ಲಿ ಕೇಳಿ ಠರಾವು ಮಾಡಿಸಬಹುದು. ಮಣ್ಣಿನ ವಿಷಯ ಎಂಜಿನಿಯರಿಗೇ ಗೊತ್ತಿರಬೇಕು ಅಂತೇನಿಲ್ಲ, ತನ್ನ ಹೊಲದ ಯಾವ ಮೂಲೆ ಎರೆ, ಯಾವುದು ಮಸಾರಿ ಅಂತ ಪ್ರತಿ ರೈತನಿಗೂ ಗೊತ್ತು. ಅಲ್ಲಿಯವರೆಗೆ, ಪ್ರತಿ ಗುಂಡಿಯಲ್ಲಿ ಟೇಪ್ ಇಳಿಬಿಟ್ಟು ನೀವೇ ಫೋಟೊ ತೆಗೆದಿಟ್ಟುಕೊಳ್ಳಿ. ಜಾಳಿ ಕಟ್ಟಿದ ಮೇಲೆ ಇನ್ನೊಂದು.

ಮಾಮಾನ ಮನೆಯ ತಳಪಾಯದ ಫೋಟೊ ಹೊಡೆದ ದಿನ ನಾನೂ ಅಲ್ಲಿದ್ದೆ. ಪ್ಲಿಂತ್ ಬೀಮ್, ಅದರ ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ ಮಾಮಾ, ಎರಡು ನಿಮಿಷದ ಕೆಲಸ. ಕೆಳಗಿನ ಸಾಲಿನ ಏಳು ಅಡಿ ಗುಂಡಿಗಳ ಫೋಟೊಗಳು ಅವನ ಫೋನಿನಲ್ಲೇ ಉಳಿದಿವೆ. ಆ ಮೂರು ಅಡಿ ಹೆಚ್ಚಿನ ಆಳಕ್ಕೆ ಅತ್ತೆ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲದ ಕಂತು ಈಗಲೂ ಪ್ರತಿ ವಾರ ಹೋಗುತ್ತಿದೆ.